ನೆಗ್ಗಿದ ಕಾರು ಮನೆಯಲ್ಲೇ ಉಳಿಯಿತು

ಮುಂಗಾರಿಗೆ ಮೊದಲು ಬರುವ ಮಳೆಯನ್ನು ನಂಬುವ ಹಾಗಿಲ್ಲ. ನಂದಗುಡಿ ಕಡೆಯ ಯಾರನ್ನೇ ಕೇಳಿ, ಆಲಿಕಲ್ಲಿನ ಕಥೆ ಒಂದಾದರೂ ಹೇಳುತ್ತಾರೆ. ಒಬ್ಬರ ದ್ರಾಕ್ಷಿ ಚಪ್ಪರ ಹೋಗಿರುತ್ತದೆ, ಒಬ್ಬರ ಟೊಮೆಟೊ ನೆಲಕ್ಕೆ ಹಾಸಿರುತ್ತದೆ, ಇನ್ನೊಬ್ಬರ ಮನೆಯ ಹೆಂಚು ಪುಡಿಯಾಗಿರುತ್ತದೆ. ಆ ಸಲ ರಂಜಿತಾಳ ಮನೆಯಲ್ಲಿ ಏಟು ತಿಂದದ್ದು ಕಾರು.

ಕಾರು ಅಂದ ಕೂಡಲೇ ಸಿರಿವಂತರ ಮನೆ ಎಂದುಕೊಳ್ಳಬೇಡಿ. ರಂಜಿತಾಳ ಗಂಡ ಭೀಮರಾಜ್ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು. ಮನೆ ಹಿಂದೆ ಒಂದಿಷ್ಟು ಹಿಪ್ಪುನೇರಳೆ, ಅದಕ್ಕೆ ತಕ್ಕಷ್ಟು ರೇಷ್ಮೆ ಹುಳ. ಅತ್ತೆ ದ್ಯಾವಮ್ಮನಿಗೆ ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಹೊಸಕೋಟೆ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು. ಹೋಗುವಾಗ ಹೇಗೋ ಬಸ್ಸು ಹತ್ತಬಹುದು. ವಾಪಸ್ಸು ಬರುವಾಗ ಮುದುಕಿಗೆ ಕೂರಲೂ ತ್ರಾಣ ಇರುವುದಿಲ್ಲ. ತಲೆ ಸುತ್ತುತ್ತದೆ, ಕಾಲು ಸೆಟೆಯುತ್ತದೆ, ಕೆಲವು ಸಲ ವಾಂತಿಯೂ ಆಗುತ್ತದೆ. ಅದಕ್ಕೇ ಭೀಮರಾಜ್ ಯಾರೋ ಓಡಿಸಿ ಬಿಟ್ಟ ಒಂದು ಸಣ್ಣ ಬಿಳಿ ಕಾರು ಕೊಂಡದ್ದು.

ಅವನ ಶಿಫ್ಟಿಗೂ ಆಸ್ಪತ್ರೆಯ ಸರದಿಗೂ ಹೊಂದಿಕೆಯೇ ಆಗಲಿಲ್ಲ. ಕೊನೆಗೆ ರಂಜಿತಾಳೇ ಡ್ರೈವಿಂಗ್ ಕಲಿತಳು, ಲೈಸೆನ್ಸ್ ಮಾಡಿಸಿಕೊಂಡಳು. ಪಕ್ಕದ ಸೀಟನ್ನು ಹಿಂದಕ್ಕೆ ಒರಗಿಸಿ, ತಲೆಗೊಂದು ದಿಂಬು ಕೊಟ್ಟು, ಅತ್ತೆಯನ್ನು ಮಲಗಿಸಿಕೊಂಡೇ ಊರಿಗೆ ಬರುವಳು.

"ಏನ್ ದ್ಯಾವಮ್ಮ, ಸೊಸೆ ಕೈಲಿ ಕಾರು ಓಡುಸ್ಕೊಂಡು ಮಲಕ್ಕೊಂಡೇ ಬತ್ತೀಯಲ್ಲ, ಮಾರಾಣಿ!" ಎಂದು ಅರಳಿಕಟ್ಟೆಯ ಹೆಂಗಸರು ಛೇಡಿಸುತ್ತಿದ್ದರು.

"ನಿನ್ ಸೊಸೆಗೂ ಕಲ್ಸೇ, ಯಾರ್ ಬ್ಯಾಡ ಅಂದೋರು? ನನ್ ಸೊಸೆ ಅಂತೂ ನಿಮ್ಮನ್ನ ಹತ್ತುಸ್ಕೊಳಲ್ಲ," ಎಂದು ದ್ಯಾವಮ್ಮ ಮಲಗಿದಲ್ಲಿಂದಲೇ ಉತ್ತರ ಕೊಡುವಳು.

ಆಲಿಕಲ್ಲು ಬಿದ್ದ ದಿನ ಹುಳ ಹಣ್ಣಾಗಿ, ಗೂಡು ಕಟ್ಟುವ ಹಂತಕ್ಕೆ ಬಂದಿದ್ದವು. ಹುಳದ ಮನೆಯಲ್ಲಿ ಜಾಗ ಸಾಲದೆ, ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗಳಾದ ಚಂದ್ರಂಕಿಗಳನ್ನು ಕಾರಿನ ಶೆಡ್ಡಿನಲ್ಲೂ ನಿಲ್ಲಿಸಿದ್ದರು. ಪೆಟ್ರೋಲ್ ವಾಸನೆ ತಗುಲಿದರೆ ಹುಳ ಗೂಡು ಕಟ್ಟದೆ ಸಾಯುತ್ತವೆಂದು ಕಾರನ್ನು ಬಯಲಿಗೆ ತಳ್ಳಿದ್ದರು. ಸಾಯಂಕಾಲ ಗಾಳಿ ಎದ್ದಿತು. ಹಿಂದೆಯೇ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ ಸದ್ದು. ನೆಲ್ಲಿಕಾಯಿಗಿಂತ ದಪ್ಪದ ಕಲ್ಲುಗಳು. ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಸೋರುವ ಕಡೆಗೆಲ್ಲ ಗೋಣಿ ಹಿಡಿದು ಹುಳ ಉಳಿಸಿಕೊಂಡರು. ಕಾರಿನ ನೆನಪಾದದ್ದು ಮಳೆ ನಿಂತ ಮೇಲೆ.

ಮುಂದಿನ ಗಾಜು ಜೇಡರ ಬಲೆಯಾಗಿತ್ತು. ಹಿಂದಿನ ಗಾಜು ಇರಲೇ ಇಲ್ಲ. ಟಾಪು, ಬಾನೆಟ್ಟು, ಡಿಕ್ಕಿ, ಎಲ್ಲೆಂದರಲ್ಲಿ ನೆಗ್ಗು. ಒಂದು ಬದಿಯ ಬಾಗಿಲುಗಳಂತೂ ಯಾರೋ ಸುತ್ತಿಗೆ ಹಿಡಿದು ಹಟಕ್ಕೆ ಬಿದ್ದು ಕುಟ್ಟಿದ ಹಾಗಿದ್ದವು.

ರಂಜಿತಾ ಒಳಗಿನ ಗಾಜಿನ ಚೂರು ಬಳಿಯಲು ಪೊರಕೆ ತಂದಳು. ಭೀಮರಾಜ್ ಕೂಗಿಕೊಂಡ. "ಲೇ, ಮುಟ್ಬೇಡ! ಒಂದ್ ಚೂರೂ ಎತ್ಬೇಡ! ಹೆಂಗದೆಯೋ ಹಂಗೇ ಇರ್ಲಿ."

"ಮತ್ತೆ ಮಳೆ ಬಂದ್ರೆ ಸೀಟೆಲ್ಲಾ ನೆನೆಯಲ್ವಾ? ಟಾರ್ಪಾಲಾದ್ರೂ ಮುಚ್ಚೋಣ್ರೀ."

"ಮುಚ್ಚುದ್ರೆ ಇನ್ಶೂರೆನ್ಸ್ ಕಂಪನಿಯೋರಿಗೆ ಏನ್ ಕಾಣ್ತದೆ? ಹೋದ್ ಸಲ ದ್ರಾಕ್ಷಿ ಚಪ್ಪರ ಬಿದ್ದಾಗ ಪಕ್ಕದ್ ಬೀದಿ ಅಪ್ಪಯ್ಯಣ್ಣ ಏನ್ ಮಾಡ್ದ? ಅಧಿಕಾರಿ ಬರೋಕ್ ಮುಂಚೇನೇ ಎಲ್ಲಾ ಎತ್ತಿ ಕಟ್ಟಿ ಚೊಕ್ಕ ಮಾಡ್ದ. ಬಂದೋರು, 'ಎಲ್ಲಯ್ಯಾ ನಷ್ಟ?' ಅಂದ್ರು. ಪರಿಹಾರ ಬಂತಾ? ಮಹಜರು ಆಗೋ ತನಕ ಏನೂ ಮುಟ್ಬಾರ್ದು."

ಈ ಮಾತಿಗೆ ಊರಿನಲ್ಲಿ ಯಾರೂ ಎದುರು ಹೇಳುವ ಹಾಗಿರಲಿಲ್ಲ. ಬೆಳೆ ಹೋದಾಗ ಎಲ್ಲರೂ ಮಾಡುವುದು ಅದನ್ನೇ. ಬಿದ್ದದ್ದು ಬಿದ್ದಲ್ಲೇ ಇರಬೇಕು, ಕೊಳೆತರೂ ಅಲ್ಲೇ ಕೊಳೆಯಬೇಕು. ಅಧಿಕಾರಿ ಕಣ್ಣಾರೆ ನೋಡಿ ಬರೆದುಕೊಂಡರೆ ಮಾತ್ರ ಅದು ನಷ್ಟ. ರಂಜಿತಾ ಪೊರಕೆ ಕೆಳಗಿಟ್ಟಳು.

ಬೆಳಿಗ್ಗೆ ಅವಳು ವಿಮೆ ಕಾಗದ ಹಿಡಿದುಕೊಂಡು ಊರಿನ ಗ್ರಾಮ ಒನ್ ಕೇಂದ್ರಕ್ಕೆ ಹೋದಳು. ಅದನ್ನು ನಡೆಸುವವಳು ಮಮತ. ವಾಹನದ ಕಾಗದ, ವಿಮೆ, ಪಹಣಿ, ಪಿಂಚಣಿ, ಏನೇ ಇರಲಿ ಸುತ್ತಲ ನಾಲ್ಕು ಹಳ್ಳಿಯವರು ಅವಳ ಮುಂದೆಯೇ ಕೂರಬೇಕು. ರಂಜಿತಾಳ ಸ್ವಸಹಾಯ ಸಂಘದ ಸದಸ್ಯೆಯೂ ಹೌದು.

"ರಂಜಿತಕ್ಕ, ಬಾ, ಕೂತ್ಕೊ. ಗಾಡಿ ಏಟು ತಿಂತಂತೆ? ಇದು ಬರೀ ಥರ್ಡ್ ಪಾರ್ಟಿನೋ, ಫುಲ್ ಇನ್ಶೂರೆನ್ಸೋ?"

"ನಂಗೇನ್ ಗೊತ್ತು? ಇನ್ಶೂರೆನ್ಸ್ ಇನ್ಶೂರೆನ್ಸೇ ಅಲ್ವಾ?"

"ಅಲ್ಲಕ್ಕ. ಥರ್ಡ್ ಪಾರ್ಟಿ ಅಂದ್ರೆ ನಾವು ಬೇರೆಯೋರಿಗೆ ಗುದ್ದುದ್ರೆ ಅವ್ರಿಗೆ ಕೊಡೋದು. ನಮ್ ಗಾಡಿಗೆ ಆಲಿಕಲ್ಲು ಬಿದ್ರೆ, ಪ್ರವಾಹ ಬಂದ್ರೆ, ಕಳ್ಳತನ ಆದ್ರೆ ಒಂದು ರೂಪಾಯೂ ಬರಲ್ಲ." ಮಮತ ಕಾಗದ ತಿರುಗಿಸಿ ನೋಡಿದಳು. "ಸದ್ಯ, ಫುಲ್ ಮಾಡ್ಸಿದ್ದಾನೆ ಅಣ್ಣ. ಆರ್‌ಸಿನೂ ಇನ್ಶೂರೆನ್ಸೂ ಎರಡೂ ಅವನ ಹೆಸರಿಗೇ ಆಗಿದೆ. ಹಳೇ ಗಾಡಿ ತಗೊಂಡೋರು ಎಷ್ಟೋ ಜನ ಇದನ್ನೇ ಮರ್ತಿರ್ತಾರೆ."

ಅಲ್ಲಿಂದಲೇ ಕಂಪನಿಗೆ ಫೋನ್ ಹೋಯಿತು, ಕ್ಲೇಮ್ ದಾಖಲಾಯಿತು. ಮಾತಿನ ನಡುವೆ ಮಮತ ಕೇಳಿದಳು. "ಫೋಟೋ ತೆಗ್ದು ಗಾಡಿ ಮುಚ್ಚಿದ್ದೀರಾ ತಾನೆ?"

"ಇಲ್ಲಮ್ಮ, ಮಹಜರು ಆಗೋವರ್ಗೂ ಮುಟ್ಬಾರ್ದು ಅಂತ ಅವ್ರು..."

ಮಮತ ಹಣೆ ಚಚ್ಚಿಕೊಂಡಳು. "ಅಯ್ಯೋ ನಮ್ಮಣ್ಣಾ! ಅದೇನ್ ದ್ರಾಕ್ಷಿ ಚಪ್ಪರಾನಾ? ಕೇಳಿಲ್ಲಿ. ಆಲಿಕಲ್ಲು ಮಾಡಿದ್ದಕ್ಕೆ ಕಂಪನಿ ಕೊಡ್ತದೆ. ಆಮೇಲೆ ನಾವು ಸುಮ್ನೆ ಬಿಟ್ಟು ನೀರು ತುಂಬ್ಕೊಂಡ್ರೆ, ಅದು ನಿಮ್ಮ ತಪ್ಪು ಅಂತ ಆ ನಷ್ಟ ಕೊಡದೇ ಇರಬಹುದು. ವೈರಿಂಗ್ ಒಳಗೆ ನೀರು ಕೂತ್ರೆ ಗಾಡಿನೇ ಮುಗೀತು. ಸುತ್ತ ಫೋಟೋ, ವಿಡಿಯೋ ತೆಗಿ. ನಂಬರ್ ಪ್ಲೇಟ್ ಕಾಣ್ಬೇಕು. ಆಮೇಲೆ ಗಟ್ಟಿಯಾಗಿ ಮುಚ್ಚು. ರಿಪೇರಿ ಮಾತ್ರ ಕಂಪನಿ ಸರ್ವೇಯರ್ ಬಂದು ನೋಡೋ ತನಕ ಮಾಡಿಸ್ಬೇಡ. ಮುಚ್ಚೋದು ರಿಪೇರಿ ಅಲ್ಲ."

ಹೊರಗೆ ಬಿಸಿಲು ಮಂಕಾಗಿತ್ತು. ಸೂಲಿಬೆಲೆ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಕವಿಯುತ್ತಿತ್ತು. ರಂಜಿತಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಭೀಮರಾಜ್ ಮೊದಲು ಒಪ್ಪಲಿಲ್ಲ. "ಫೋಟೋ ಯಾವನ್ ನಂಬ್ತಾನೆ?" ಎಂದ. ಮೊದಲ ಹನಿ ಬಿದ್ದಾಗ ರಂಜಿತಾ ಅವನ ಮಾತಿಗೆ ಕಾಯಲಿಲ್ಲ. ಫೋನಿನಲ್ಲಿ ಸುತ್ತಲೂ ವಿಡಿಯೋ ತೆಗೆದಳು. ಹುಳದ ಮನೆಯ ಮುಂದೆ ನೆರಳಿಗೆ ಕಟ್ಟಿದ್ದ ನೀಲಿ ಟಾರ್ಪಾಲನ್ನು ಬಿಚ್ಚಿ ಎಳೆದುಕೊಂಡು ಬಂದಳು. ಒಬ್ಬಳೇ ಎಳೆದಾಡುವುದನ್ನು ನೋಡಲಾರದೆ ಅವನೂ ಇನ್ನೊಂದು ತುದಿ ಹಿಡಿದ. ಹಗ್ಗ ಬಿಗಿದು ಜಗಲಿ ಹತ್ತುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು.

ಸರ್ವೇಯರ್ ಬಂದ ದಿನ ಊರಿನಲ್ಲಿ ಸಣ್ಣ ಗಲಾಟೆಯೇ ಆಯಿತು. "ಸರ್ವೇಯೋರು ಬಂದವ್ರೆ" ಎಂದು ಯಾರೋ ಅಂದದ್ದೇ ತಡ, ಜಮೀನು ಅಳೆಯಲು ಬಂದರೆಂದು ಹತ್ತಾರು ಜನ ಸೇರಿಬಿಟ್ಟರು. ಕಾರು ನೋಡಲು ಬಂದವರೆಂದು ತಿಳಿದ ಮೇಲೆ ನಿಟ್ಟುಸಿರು ಬಿಟ್ಟು ಅಲ್ಲೇ ಬೀಡಿ ಹಚ್ಚಿದರು. ಸರ್ವೇಯರ್ ಟಾರ್ಪಾಲು ತೆಗೆಸಿ ಎಲ್ಲ ನೋಡಿದರು, ರಂಜಿತಾಳ ವಿಡಿಯೋವನ್ನೂ ಕಳಿಸಿಕೊಂಡರು. "ಮುಚ್ಚಿಟ್ಟಿದ್ದು ಒಳ್ಳೇದಾಯ್ತು ಕಣಮ್ಮ, ಒಳಗೆಲ್ಲಾ ಒಣಗಿದೆ," ಎಂದರು. ಭೀಮರಾಜ್ ಬೇರೆ ಕಡೆ ನೋಡಿದ.

ಕಾರನ್ನು ಎಳೆಸಿಕೊಂಡು ಕಾರು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದರು. ಕೆಲವು ದಿನದ ಮೇಲೆ ವಿಮೆ ಕಂಪನಿಯಿಂದ ಫೋನ್ ಬಂತು. ಭೀಮರಾಜ್ ಮಾತು ಮುಗಿಸಿ, ಫೋನನ್ನು ಜೇಬಿಗೂ ಹಾಕದೆ ಹಾಗೇ ನಿಂತ.

"ಏನಂತೆ?" ರಂಜಿತಾ ಕೇಳಿದಳು.

"ಟೋಟಲ್ ಲಾಸ್ ಅಂತೆ. ಗಾಡಿ ಮುಗೀತು. ಅವ್ರೇ ತಗೊಂಡು ಹೋಗ್ತಾರಂತೆ, ಒಂದಿಷ್ಟು ದುಡ್ಡು ಹಾಕ್ತಾರಂತೆ."

"ಆ ದುಡ್ಡಿಗೆ ಬೇರೆ ಕಾರು ಬರ್ತದಾ?"

"ಎಲ್ ಬರ್ತದೆ? ಹಳೇ ಗಾಡಿಗೆ ಅವ್ರು ಕಟ್ಟೋ ಬೆಲೆ ಎಷ್ಟು, ಇವತ್ತು ಅಂಥದ್ದೇ ಗಾಡಿ ಹುಡುಕ್ಕೊಂಡು ಹೋದ್ರೆ ಕೇಳೋ ಬೆಲೆ ಎಷ್ಟು! ಅದೂ ಸಿಕ್ಕಿದ್ದು ಹೆಂಗಿರ್ತದೋ."

ಆ ವಾರ ದ್ಯಾವಮ್ಮನನ್ನು ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಆಟೋದಲ್ಲಿ ಕರೆತಂದರು. ಅರ್ಧ ದಾರಿಯಲ್ಲಿ ಮುದುಕಿ ಆಟೋ ನಿಲ್ಲಿಸಿ ರಸ್ತೆ ಪಕ್ಕದಲ್ಲೇ ಕುಸಿದು ಕೂತಳು. ರಂಜಿತಾ ಬೆನ್ನು ಸವರುತ್ತಿದ್ದರೆ, "ನನ್ ಕೈಲಾಗಲ್ಲ ಕಣಮ್ಮಿ. ಇನ್ ಬರಲ್ಲ ನಾನು. ಎಷ್ಟ್ ದಿನ ಇರ್ತೀನೋ ಮನೇಲೇ ಇರ್ತೀನಿ," ಎಂದಳು. ಗದರಿ ಹೇಳಿದ್ದರೆ ರಂಜಿತಾ ವಾದ ಮಾಡುತ್ತಿದ್ದಳು. ಅತ್ತೆ ಮೆತ್ತಗೆ ಹೇಳಿದಳು. ಅದಕ್ಕೇ ರಂಜಿತಾಳಿಗೆ ಹೆದರಿಕೆಯಾಯಿತು.

ಮನೆಗೆ ಬಂದರೆ ಜಗಲಿಯ ಮೇಲೆ ಅಪ್ಪಯ್ಯಣ್ಣ ಕೂತಿದ್ದ. ಪಕ್ಕದ ಬೀದಿಯವನು, ದನದಿಂದ ಹಿಡಿದು ಸೈಟಿನ ತನಕ ಯಾವ ವ್ಯಾಪಾರಕ್ಕಾದರೂ ನಡುವೆ ನಿಲ್ಲುವವನು.

"ಭೀಮಾ, ತಲೆ ಕೆಡುಸ್ಕೋಬೇಡ. ಹೊಸಕೋಟೇಲಿ ನಮ್ ಗುಜರಿಯೋನೊಬ್ಬ ಅವ್ನೆ. ಕಂಪನಿಯೋರು ಗುಜರಿ ಅಂತ ಎಷ್ಟು ಹಿಡೀತಾರೋ ಅದ್ಕಿಂತ ಮೇಲೇ ಕೊಡುಸ್ತೀನಿ. ಗಾಡಿ ನಾವೇ ಇಟ್ಕೋತೀವಿ ಅಂತ ಕಂಪನಿಗೆ ಹೇಳ್ಬಿಡು. ಆಮೇಲೆ ಆರ್‌ಸಿ ಕೈಗ್ ಕೊಟ್ಟು ಎರಡು ಖಾಲಿ ಕಾಗದಕ್ಕೆ ಸೈನ್ ಹಾಕು, ಮಿಕ್ಕಿದ್ದೆಲ್ಲಾ ಅವನೇ ನೋಡ್ಕೋತಾನೆ."

ರಂಜಿತಾ ಅತ್ತೆಯನ್ನು ಒಳಗೆ ಮಲಗಿಸುತ್ತಿದ್ದವಳು ಅಲ್ಲೇ ನಿಂತಳು. ಗಾಡಿ ನಾವೇ ಇಟ್ಟುಕೊಳ್ಳಬಹುದೇ? ಹಾಗಾದರೆ ಗುಜರಿಗೆ ಯಾಕೆ ಕೊಡಬೇಕು? ಅವಳು ಮಮತಳಿಗೆ ಫೋನ್ ಮಾಡಿದಳು. ಮಮತ ಅಂಗಡಿ ಬಾಗಿಲು ಎಳೆದುಕೊಂಡು ಬಂದೇಬಿಟ್ಟಳು.

"ಭೀಮಣ್ಣ, ಟೋಟಲ್ ಲಾಸ್ ಅಂದ್ರೆ ಗಾಡಿ ಸತ್ತೋಯ್ತು ಅಂತ ಅಲ್ಲ. ಅದೊಂದು ಲೆಕ್ಕ. ಪಾಲಿಸೀಲಿ ನಿನ್ ಗಾಡಿಗೆ ಒಂದು ಬೆಲೆ ಬರ್ದಿರ್ತಾರೆ, ಐಡಿವಿ ಅಂತ. ಅದು ನೂರು ಅಂತ ಇಟ್ಕೊ. ರಿಪೇರಿ ಖರ್ಚು ಎಪ್ಪತ್ತೈದು ದಾಟಿದ್ರೆ, ರಿಪೇರಿ ಮಾಡ್ಸೋದಕ್ಕಿಂತ ಗಾಡಿ ಬೆಲೆನೇ ಕೊಟ್ಟು ಕೈ ತೊಳ್ಕೊಳೋಣ ಅಂತಾರೆ. ಸರ್ವಿಸ್ ಸೆಂಟರ್‌ನೋರು ನೆಗ್ಗು ತೆಗೆಯಲ್ಲ. ಹೊಸ ಟಾಪು, ಹೊಸ ಬಾನೆಟ್ಟು, ಹೊಸ ಬಾಗ್ಲು, ಇಡೀ ಗಾಡಿಗೆ ಪೇಂಟು ಅಂತ ಲೆಕ್ಕ ಹಾಕ್ತಾರೆ. ಹಳೇ ಗಾಡಿಗೆ ಅದು ಎಪ್ಪತ್ತೈದು ದಾಟ್ದೇ ಇರ್ತದಾ?"

"ಅಂದ್ರೆ ಇಂಜಿನ್ ಹೋಗಿಲ್ಲ ಅಂತೀಯಾ?"

"ನಾನೆಂಗೆ ಹೇಳ್ಲಿ? ನಾನೇನ್ ಮೆಕ್ಯಾನಿಕ್ಕಾ? ನಂಗೊತ್ತಿರೋದು ಕಾಗದದ್ದು. ಗಾಡಿ ನಮಗೇ ಬೇಕು ಅಂತ ಬರ್ದು ಕೇಳ್ಬಹುದು. ಕಂಪನಿ ಒಪ್ಪುದ್ರೆ, ಗುಜರಿಗೆ ಹಾಕಿದ್ರೆ ಎಷ್ಟು ಸಿಕ್ತಿತ್ತೋ ಅಷ್ಟನ್ನ ಹಿಡ್ಕೊಂಡು ಮಿಕ್ಕಿದ್ದು ನಿನ್ ಖಾತೆಗೆ ಹಾಕ್ತಾರೆ. ಗಾಡಿ ನಿನ್ ಮನೇಲೇ ಉಳೀತದೆ. ಗಾಡಿ ಮೇಲೆ ಬ್ಯಾಂಕ್ ಸಾಲ ಇದ್ರೆ ಮಾತ್ರ ಮೊದ್ಲು ಬ್ಯಾಂಕಿನೋರು ಒಪ್ಬೇಕು, ದುಡ್ಡೂ ಮೊದ್ಲು ಅವ್ರಿಗೇ ಹೋಗ್ತದೆ."

"ಸಾಲ ಏನಿಲ್ಲ," ಎಂದಳು ರಂಜಿತಾ.

ಅಪ್ಪಯ್ಯಣ್ಣ ನಕ್ಕ. "ನಾ ಹೇಳಿದ್ದೂ ಅದೇ ಅಲ್ವೇನವ್ವ? ಇಟ್ಕೊಳ್ಳಿ, ನಂಗ್ ಕೊಡಿ."

"ಖಾಲಿ ಕಾಗದಕ್ಕೆ ಸೈನ್ ಹಾಕಿ ಕೊಡೋದಾ ಮಾವ?" ಮಮತ ಅವನ ಕಡೆ ತಿರುಗಿದಳು. " ಹೆಸರು ಬದಲಾಯ್ಸದೇ ಆ ಗಾಡಿ ಯಾರೋ ಓಡಿಸ್ತಾರೆ. ಎಲ್ಲೋ ಯಾರಿಗೋ ಗುದ್ದುತಾರೆ. ಇಲ್ಲಾ ಅದರ ನಂಬರ್ ಕಿತ್ತು ಕದ್ದ ಗಾಡಿಗೆ ಹಾಕ್ತಾರೆ. ಪೊಲೀಸ್ರು ಬಂದು ತಟ್ಟೋದು ಯಾರ್ ಬಾಗ್ಲು? ಭೀಮಣ್ಣಂದು. ಆವಾಗ ನೀನು ಬಂದು ನಿಂತ್ಕೋತೀಯಾ?"

ಅಪ್ಪಯ್ಯಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಂಗ್ಯಾಕಪ್ಪ ಪೊಲೀಸ್ ಸಾವಾಸ? ಒಳ್ಳೇದಾಗ್ಲಿ ಅಂತ ಹೇಳ್ದೆ," ಎನ್ನುತ್ತ ಎದ್ದು ಹೋದ.

ಭೀಮರಾಜನ ಅನುಮಾನ ಹೋಗಿರಲಿಲ್ಲ. "ಇಟ್ಕೊಂಡು, ರಿಪೇರಿಗೆ ಸುರ್ದು, ಒಂದ್ ತಿಂಗಳಿಗೆ ಕೆಟ್ಟು ನಿಂತ್ರೆ? ದುಡ್ಡೂ ಹೋಯ್ತು, ಗಾಡೀನೂ ಹೋಯ್ತು. ಅದೂ ಅಲ್ದೆ ಅವ್ವನ್ನ ಕೂರಿಸ್ಕೊಂಡು ದಾರೀಲಿ ನಿಂತ್ರೆ ಏನ್ಮಾಡ್ತೀಯಾ?"

"ಅದಕ್ಕೇ ನನ್ ಮಾತು ಕೇಳಿ ತೀರ್ಮಾನ ಮಾಡ್ಬೇಡ," ಎಂದಳು ಮಮತ. "ಗೊತ್ತಿರೋ ಮೆಕ್ಯಾನಿಕ್‌ಗೆ ತೋರ್ಸು. ಚಾಸಿ ಸೊಟ್ಟ ಆಗಿದ್ರೆ, ನೀರಲ್ಲಿ ಮುಳುಗಿದ್ರೆ, ವೈರಿಂಗ್ ಸುಟ್ಟಿದ್ರೆ ಇಟ್ಕೋಬೇಡ, ಕಂಪನಿಗೇ ಬಿಟ್ಬಿಡು. ಮೈಗೆ ಮಾತ್ರ ಏಟಾಗಿದ್ರೆ ಇಟ್ಕೊ. ರಿಪೇರಿಗೆ ಎಷ್ಟಾಗ್ತದೆ ಅಂತ ಅವನ ಕೈಲೇ ಬರ್ಸ್ಕೊ. ಆ ಖರ್ಚಿಗಿಂತ ಕಂಪನಿ ಕೊಡೋ ದುಡ್ಡು ಜಾಸ್ತಿ ಇದ್ರೆ ಮಾತ್ರ ಮುಂದಕ್ಕೆ ಹೋಗು."

ಒಳಗಿನಿಂದ ದ್ಯಾವಮ್ಮನ ದನಿ ಬಂತು. "ಸತ್ತೋಗಿದೆ ಅಂತ ಕಂಪನಿಯೋರೇ ಹೇಳಿದ ಗಾಡೀನ ಬಾಗ್ಲಲ್ಲಿ ಇಟ್ಕೋತೀರಾ? ಅದ್ರಲ್ಲಿ ನಾ ಕಾಲಿಡಲ್ಲ."

ರಂಜಿತಾ ಮೆಕ್ಯಾನಿಕ್ಕನ್ನು ಕರೆಯಲು ಫೋನ್ ಎತ್ತಿಕೊಂಡಳು.

ಮೆಕ್ಯಾನಿಕ್ ಅಮರ್‌ನ ಗ್ಯಾರೇಜು ನಂದಗುಡಿ ರಸ್ತೆಯಲ್ಲಿ. ರಂಜಿತಾಳಿಗೆ ಕಾರಿನ ಟೈರು ಬದಲಿಸುವುದನ್ನು ಕಲಿಸಿದವನು ಅವನೇ. ಸರ್ವಿಸ್ ಸೆಂಟರಿನಿಂದ ಬಿಡಿಸಿಕೊಂಡು ಬಂದ ಕಾರನ್ನು ಮನೆ ಮುಂದೆ ಇಳಿಸಿದ ದಿನ ಅವನು ಟಾರ್ಚು, ಜಾಕು ಹಿಡಿದುಕೊಂಡು ಬಂದ. ಕೆಳಗೆ ನುಗ್ಗಿದ, ಮೇಲೆದ್ದ, ಮ್ಯಾಟು ಎತ್ತಿ ಕೈಯಾಡಿಸಿದ, ಫ್ಯೂಸ್ ಡಬ್ಬಿ ಬಿಚ್ಚಿ ನೋಡಿದ. ರಂಜಿತಾ, ಅವಳ ಪಕ್ಕದಲ್ಲಿ ಮಮತ, ಅವನ ಮುಖವನ್ನೇ ನೋಡುತ್ತ ನಿಂತಿದ್ದರು. ಭೀಮರಾಜ್ ಎರಡು ಸಲ "ಏನೋ?" ಎಂದು ಕೇಳಿದ. ಅಮರ್ "ಇರು ಗುರು" ಎಂದ ಅಷ್ಟೇ.

ದ್ಯಾವಮ್ಮ ಬಾಗಿಲ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

ಅಮರ್ ಕೀಲಿ ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಹತ್ತಿತು.

"ಚಾಸಿಗೆ ಏನೂ ಆಗಿಲ್ಲ. ನೀರೂ ಹೋಗಿಲ್ಲ. ಅಕ್ಕ, ನೀವು ಅವತ್ತು ಮುಚ್ಚದೇ ಹೋಗಿದ್ರೆ ನಾನೇ 'ಬೇಡ, ಕಳ್ಸ್ಬಿಡಿ' ಅಂತಿದ್ದೆ. ಎರಡು ಗಾಜು ಹೊಸದು ಹಾಕ್ಬೇಕು, ಅದ್ರಲ್ಲಿ ರಾಜಿ ಇಲ್ಲ. ಒಂದ್ ಬಾಗ್ಲು ಕಿಟಕಿ ಹತ್ರ ಜಾಮ್ ಆಗಿದೆ, ಅದನ್ನ ಸರಿ ಮಾಡ್ಬೇಕು. ಟಾಪಿನ ನೆಗ್ಗು ಒಳಗಿಂದ ತಟ್ಟಿ ಎತ್ತುತೀನಿ. ಪೂರಾ ನುಣ್ಣಗೆ ಆಗಲ್ಲ. ನೋಡೋಕೆ ಸಿಡುಬಿನ ಮುಖ ಇದ್ದಂಗೆ ಇರ್ತದೆ. ಓಡೋಕೆ ಮಾತ್ರ ಏನೂ ತೊಂದ್ರೆ ಇಲ್ಲ."

"ಬರ್ಕೊಡ್ತೀಯಾ?" ರಂಜಿತಾ ಕೇಳಿದಳು.

"ಬರ್ಕೊಡ್ತೀನಿ ಕಣಕ್ಕ. ನಾನೇನ್ ಓಡೋಗ್ತೀನಾ?"

ಅವನು ಬರೆದ ಲೆಕ್ಕ ನೋಡಿ ಭೀಮರಾಜ್ ಇನ್ನೊಂದು ಸಲ ನೋಡಿದ. ಕಂಪನಿ ಕೊಡಲಿದ್ದ ಹಣದಲ್ಲಿ ಈ ರಿಪೇರಿ ಮುಗಿದು, ಹೊಸ ವಿಮೆ ಕಟ್ಟಿ, ಇನ್ನೂ ಸಾಕಷ್ಟು ಮಿಗುತ್ತಿತ್ತು. ಆದರೂ ಅವನು ತಾಯಿಯ ಕಡೆ ತಿರುಗಿದ. "ಅವ್ವ ಕೂರಲ್ಲ ಅಂದ್ರೆ ಗಾಡಿ ಯಾತಕ್ಕೆ?"

ದ್ಯಾವಮ್ಮ ಅಮರ್‌ನನ್ನು ಹತ್ತಿರ ಕರೆದಳು. "ಮಗಾ, ಸರ್ಯಾಗ್ ಹೇಳು. ಅವ್ರು ಸತ್ತದೆ ಅಂದಿದ್ದು ಯಾಕೆ ಹಂಗಾದ್ರೆ?"

"ಸತ್ತದೆ ಅಂತ ಅಲ್ಲಜ್ಜಿ. ಗಾಡಿ ಬೆಲೆಗೆ ಹೋಲ್ಸುದ್ರೆ ರಿಪೇರಿ ಖರ್ಚು ಜಾಸ್ತಿ ಅಂತ."

"ಅಷ್ಟೇಯಾ?"

"ಅಷ್ಟೇ."

ಮುದುಕಿ ಕಾರಿನ ಕಡೆ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಖರ್ಚು ಜಾಸ್ತಿ ಅಂತ ಗುಜರಿಗೆ ಹಾಕೋದಾದ್ರೆ, ಇವ್ರು ನನ್ನ ಯಾವತ್ತೋ ಹಾಕ್ಬೇಕಾಗಿತ್ತಲ್ಲೋ!"

ಅಮರ್ ಗೊಳ್ಳೆಂದು ನಕ್ಕ. ಮಮತ ನಕ್ಕಳು. ಭೀಮರಾಜ್ ನಗಲು ಹೋಗಿ, ಆಗದೆ, ಕಾರಿನ ಹಿಂದೆ ಹೋಗಿ ಟೈರು ನೋಡುವವನ ಹಾಗೆ ಬಗ್ಗಿದ. ಬಗ್ಗಿದವನು ಹಾಗೇ ಹೇಳಿದ, "ಮಮತಾ, ಆ ಅರ್ಜಿ ಏನ್ ಬರೀಬೇಕೋ ಬರ್ದುಬಿಡಮ್ಮ. ಗಾಡಿ ಇಟ್ಕೊಳೋಣ."

ಅರ್ಜಿಯಲ್ಲಿ ಮಮತ ಒಂದು ಮಾತನ್ನು ಮರೆಯದೆ ಸೇರಿಸಿದಳು. 'ಆರ್‌ಸಿ ರದ್ದು ಮಾಡಿಸದೆ, ಆರ್‌ಸಿ ಸಮೇತ ವಾಹನವನ್ನು ನಾವೇ ಇಟ್ಟುಕೊಳ್ಳುತ್ತೇವೆ. ಗುಜರಿ ಬೆಲೆ ಕಳೆದು ಉಳಿದ ಹಣ ಕೊಡಿ.' ಅದು ಒಳ್ಳೆಯದೇ ಆಯಿತು. ಮುಂದಿನ ವಾರ ಕಂಪನಿಯವರು ಫೋನ್ ಮಾಡಿ, "ಆರ್‌ಸಿ ಸರೆಂಡರ್ ಮಾಡ್ತೀರಲ್ವಾ?" ಎಂದು ಕೇಳಿದಾಗ ಭೀಮರಾಜ್ ಅಭ್ಯಾಸ ಬಲದಿಂದ "ಆಯ್ತು ಸಾ..." ಎನ್ನುವುದರಲ್ಲಿದ್ದ. ರಂಜಿತಾ ಅವನ ಮೊಣಕೈ ಚಿವುಟಿದಳು. "ಇಲ್ಲ ಸಾರ್, ಮಾಡಲ್ಲ. ಅರ್ಜೀಲಿ ಬರ್ದಿದ್ದೀವಿ, ನೋಡಿ," ಎಂದ. ಆರ್‌ಸಿ ರದ್ದಾಗಿದ್ದರೆ ಎಷ್ಟೇ ಚೆನ್ನಾಗಿ ರಿಪೇರಿ ಮಾಡಿಸಿದರೂ ಆ ಕಾರು ರಸ್ತೆಗೆ ಇಳಿಯುವ ಹಾಗಿರಲಿಲ್ಲ. ಅಂಗಳದಲ್ಲಿ ಕೋಳಿ ಕೂರಲು ಬರುತ್ತಿತ್ತು ಅಷ್ಟೇ.

ಗುಜರಿ ಬೆಲೆ ಹೇಗೆ ಕಟ್ಟಿದಿರಿ ಎಂದೂ ಗಂಡ ಹೆಂಡತಿ ಕಂಪನಿಯನ್ನು ಕೇಳಿದರು. ಸರ್ವೇಯರ್ ವರದಿಯ ಪ್ರತಿ ಬಂತು, ಗುಜರಿಯವರು ಕೂಗಿದ ಬೆಲೆಯೂ ಬಂತು. ಕೇಳಿದ್ದಕ್ಕೆ ಯಾರೂ ಸಿಟ್ಟಾಗಲಿಲ್ಲ. ಕೇಳುವುದು ತಪ್ಪೇನೋ ಎಂದು ಹಿಂಜರಿದಿದ್ದ ಭೀಮರಾಜನಿಗೆ ಅದೇ ಆಶ್ಚರ್ಯ.

ಹಣ ಖಾತೆಗೆ ಬಂತು. ಅಮರ್ ಕೆಲಸ ಮುಗಿಸಿದ. ರಂಜಿತಾ ಅಂದೇ ಹೊರಡುವ ಉತ್ಸಾಹದಲ್ಲಿದ್ದಳು.

"ತಡಿಯಕ್ಕ," ಎಂದಳು ಮಮತ. "ಕ್ಲೇಮ್ ಆದ ಮೇಲೆ ಹಳೇ ಪಾಲಿಸಿ ಅಲ್ಲಿಗೆ ಮುಗೀತು. ಈಗ ನಿನ್ ಗಾಡಿಗೆ ಇನ್ಶೂರೆನ್ಸೇ ಇಲ್ಲ. ಹೊಸದು ಮಾಡ್ಸದೇ ಗೇಟ್ ದಾಟ್ಬೇಡ."

ಒಂದು ಕಂಪನಿ, ಇಂಥ ಗಾಡಿಗೆ ಥರ್ಡ್ ಪಾರ್ಟಿ ಮಾತ್ರ ಕೊಡುತ್ತೇವೆ ಎಂದಿತು. "ಮುಂಚೆ ಆಗಿದ್ದು ಹೇಳೋದೇ ಬೇಡ ಬಿಡು, ಯಾರಿಗ್ ಗೊತ್ತಾಗ್ತದೆ?" ಎಂದ ಭೀಮರಾಜ್. "ಅವ್ರಿಗೆಲ್ಲಾ ಗೊತ್ತಾಗ್ತದಣ್ಣ. ಮುಚ್ಚಿಟ್ರೆ ನಾಳೆ ಕ್ಲೇಮ್ ಬಂದಾಗ ಅದನ್ನೇ ಹಿಡ್ಕೊಂಡು ಇಲ್ಲ ಅಂತಾರೆ," ಎಂದಳು ಮಮತ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಇನ್ನೊಂದು ಕಡೆ ಕೇಳಿದರು. ಅವರು ಬಂದು ಕಾರು ನೋಡಿ, ಬೆಲೆ ಸ್ವಲ್ಪ ಕಡಿಮೆ ಹಿಡಿದು, ಪೂರ್ತಿ ವಿಮೆಯನ್ನೇ ಕೊಟ್ಟರು.

ಮುಂದಿನ ಮಂಗಳವಾರ ಡಯಾಲಿಸಿಸ್ ಮುಗಿಸಿ ದ್ಯಾವಮ್ಮ ಆಸ್ಪತ್ರೆಯ ಮೆಟ್ಟಿಲಿಳಿದು ಬಂದಳು. ರಂಜಿತಾ ಕಾರನ್ನು ಬಾಗಿಲ ಹತ್ತಿರಕ್ಕೇ ತಂದು ನಿಲ್ಲಿಸಿದ್ದಳು. ಕಾವಲುಗಾರ ಟಾಪಿನ ಗುಳಿಗಳನ್ನು ನೋಡಿ, "ಏನಮ್ಮಾ ಇದು, ಗಾಡಿಗೆ ಯಾರ್ ಹಿಂಗ್ ಹೊಡ್ದೋರು?" ಎಂದ.

"ಮೇಲಿರೋನು ಹೊಡ್ದ. ಹೊಡ್ದಿದ್ದಷ್ಟೇ, ಎತ್ಕೊಂಡು ಹೋಗ್ಲಿಲ್ಲ," ಎಂದಳು ದ್ಯಾವಮ್ಮ, ಸೀಟಿನ ಮೇಲೆ ನಿಧಾನಕ್ಕೆ ಒರಗುತ್ತ.

ಹೊಸಕೋಟೆಯ ಟ್ರಾಫಿಕ್ಕು ದಾಟಿ ಕಾರು ಸೂಲಿಬೆಲೆ ರಸ್ತೆಗೆ ಬಿತ್ತು. ರಂಜಿತಾ ಮಾತನಾಡಿಸಲು ಎಡಕ್ಕೆ ತಿರುಗಿ ನೋಡಿದಳು. ಅತ್ತೆಗೆ ನಿದ್ದೆ ಹತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ. ಮುಂದೆ ರಸ್ತೆಯಲ್ಲಿ ಹಳ್ಳವಿತ್ತು. ಅವಳು ಗೇರು ಇಳಿಸಿ, ಅತ್ತೆಗೆ ಎಚ್ಚರವಾಗದ ಹಾಗೆ ಅದನ್ನು ದಾಟಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕಾರಿದೆಯೇ? ಹಾಗಿದ್ದರೆ ಮೋಡ ಕಟ್ಟುವ ತನಕ ಕಾಯಬೇಡಿ, ಇವತ್ತೇ ವಿಮೆಯ ಕಾಗದ ತೆಗೆದು ನೋಡಿ. ಅದು ಪೂರ್ತಿ ವಿಮೆಯೋ, ಬರೀ ಥರ್ಡ್ ಪಾರ್ಟಿಯೋ? ನಿಮ್ಮ ಹೆಸರಿಗೇ ಇದೆಯೋ, ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿದೆಯೋ? ಆಲಿಕಲ್ಲು ಬಿದ್ದರೆ ಮೊದಲು ಫೋಟೋ ತೆಗೆಯಿರಿ, ಕಂಪನಿಗೆ ತಡಮಾಡದೆ ತಿಳಿಸಿ, ಗಾಡಿ ಮುಚ್ಚಿಡಿ. ಸರ್ವೇಯರ್ ನೋಡುವ ಮುಂಚೆ ರಿಪೇರಿಗೆ ಬಿಡಬೇಡಿ.

ಟೋಟಲ್ ಲಾಸ್ ಎಂದು ಹೇಳಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ, ಎಲ್ಲಿ ಬೇಕೆಂದರಲ್ಲಿ ಸಹಿಯನ್ನೂ ಹಾಕಬೇಡಿ. ಮೆಕ್ಯಾನಿಕ್‌ಗೆ ತೋರಿಸಿ. ಏಟು ಮೈಗೆ ಮಾತ್ರವಾದರೆ, ಗಾಡಿ ನಮಗೇ ಬೇಕು ಎಂದು ಆರ್‌ಸಿ ಸಮೇತ ಬರೆದು ಕೇಳಿ. ಒಳಗೇ ಕೆಟ್ಟಿದ್ದರೆ ಆಸೆ ಬಿಟ್ಟು ಕಂಪನಿಗೆ ಒಪ್ಪಿಸಿ, ಆರ್‌ಟಿಓದಲ್ಲಿ ಆರ್‌ಸಿ ರದ್ದಾಯಿತೇ ಎಂದು ನೋಡಿಕೊಳ್ಳಿ. ಇಟ್ಟುಕೊಂಡರೆ ಹೊಸ ವಿಮೆ ಆಗದೆ ರಸ್ತೆಗೆ ಇಳಿಸಬೇಡಿ. ಮುಂದೆ ಎಂದಾದರೂ ಮಾರಿದರೆ, ನಡೆದದ್ದನ್ನು ಕೊಳ್ಳುವವರಿಗೆ ಹೇಳಿ, ಹೆಸರು ಬದಲಾಯಿಸಿಯೇ ಕೀಲಿ ಕೊಡಿ. ಕಂಪನಿ ನ್ಯಾಯವಾಗಿ ನಡೆದುಕೊಳ್ಳಲಿಲ್ಲ ಎನಿಸಿದರೆ ಅವರ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ವಿಮಾ ಲೋಕಪಾಲರು, ಅಂದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಇದ್ದಾರೆ, ಅವರಿಗೆ ದೂರು ಕೊಡಲು ಶುಲ್ಕವಿಲ್ಲ.

ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ. ಕೇಳಿದವರ ಗಾಡಿ ಮನೆಯಲ್ಲಿ ಉಳಿದೀತು, ಆ ಗಾಡಿಯನ್ನೇ ನಂಬಿದವರೂ ಉಳಿದಾರು.